ಚೆಲುವನನ್ನು ಕರೆದವರು ಯಾರು?

೧೯೪೧ನೇ ಇಸವಿ, ಅಕ್ಟೋಬರ್ ನಾಲ್ಕು, ಶನಿವಾರ, ಸಂಜೆ ಆರು ಗಂಟೆ ಹತ್ತು ನಿಮಿಷ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀ ಎಂದು ಓದುವವರು ಕೇಳಬಹುದು. ಆಗ ಚಿಕ್ಕಪ್ಪನ ಗಡಿಯಾರ ನನ್ನ ಕೈಯಲ್ಲಿತ್ತು. ಮಕ್ಕಳು ಉಯ್ಯಾಲೆಗಾಗಿ ಕಿತ್ತಾಡುತ್ತಿದ್ದವು. ಯಾರ ಸರದಿ ಎಷ್ಟು ಹೊತ್ತು ಎಂದು ನೋಡಿ ಇಳಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ಇಂಥ ಕೆಲಸಗಳು ನಮ್ಮ ಮನೆಯಲ್ಲಿ ನನ್ನ ಪಾಲಿಗೇ ಬರುತ್ತವೆ. ಚಿಕ್ಕಂದಿನಿಂದ ದಿನಚರಿ ಬರೆಯುವ ಅಭ್ಯಾಸ ನನಗೆ. ಯಾವ ಕುರಿ ಯಾವತ್ತು ಈಯಿತು, ಯಾವ ನೆಂಟರು ಎಷ್ಟು ದಿನ ಉಳಿದರು, ಎಲ್ಲವನ್ನೂ ಬರೆದಿಡುತ್ತೇನೆ. ನೆಂಟರು ಇದಕ್ಕಾಗಿ ನನ್ನನ್ನು ಅಷ್ಟಾಗಿ ಮೆಚ್ಚುವುದಿಲ್ಲ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವಿಚಿತ್ರ ಅನುಭವಗಳನ್ನು ನಾನು ನಂಬುತ್ತಿರಲಿಲ್ಲ. ಹುಣಸೆ ಮರದ ಕೆಳಗೆ ಬಿಳಿ ಸೀರೆ ಉಟ್ಟು ಯಾರೋ ನಿಂತಿದ್ದರು ಎಂದು ಯಾರಾದರೂ ಶುರುಮಾಡಿದರೆ ನಾನು ಕೇಳುತ್ತಿದ್ದುದು ಇಷ್ಟು: ಯಾವ ತಾರೀಖು, ಎಷ್ಟು ಗಂಟೆ, ಜೊತೆಗೆ ಯಾರಿದ್ದರು? ಮೂರಕ್ಕೂ ಸರಿಯಾಗಿ ಉತ್ತರ ಕೊಟ್ಟವರನ್ನು ಕಂಡಿರಲಿಲ್ಲ. ಈಗ ನನ್ನದೇ ಅನುಭವಕ್ಕೆ ಮೂರು ಉತ್ತರವೂ ನನ್ನ ಹತ್ತಿರ ಇವೆ. ಅವುಗಳಿಂದ ಏನೂ ಪ್ರಯೋಜನವಾಗಿಲ್ಲ.

ನಮ್ಮದು ಮಳವಳ್ಳಿ ತಾಲ್ಲೂಕಿನ ಬಂಡೂರು. ಆಗ ನನಗೆ ಹದಿನಾರು ವರ್ಷ. ಮಂಡ್ಯದಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದೆ. ಚಿಕ್ಕಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ದಸರಾ ರಜಕ್ಕೆ ನಾವೆಲ್ಲ ಊರಿಗೆ ಹೋಗಿದ್ದಾಗ ತಾತ ಒಂದು ಆಸೆ ಹೇಳಿದರು: ಗಗನಚುಕ್ಕಿಯನ್ನು ಇನ್ನೊಂದು ಸಲ ನೋಡಬೇಕು. ಪ್ರಾಯದಲ್ಲಿ ಅವರು ಮದ್ದೂರು ರೈಲು ಸ್ಟೇಷನ್ನಿನಿಂದ ಶಿವನಸಮುದ್ರದ ಕರೆಂಟು ಮನೆಗೆ ಕಬ್ಬಿಣದ ಸಾಮಾನು ಹೇರಿಕೊಂಡು ಗಾಡಿ ಹೊಡೆದವರು. ಆ ನೀರಿನ ಸದ್ದಿನಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದವರು. ಈಗ ಎರಡು ಕಣ್ಣಿಗೂ ಪೊರೆ ಬಂದಿತ್ತು. ಹಗಲಲ್ಲಿ ಮನುಷ್ಯರ ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಪೊರೆ ತೆಗೆಸೋಣ ಎಂದು ಚಿಕ್ಕಪ್ಪ ಒಂದು ವರ್ಷದಿಂದ ಗೋಗರೆಯುತ್ತಿದ್ದರು. ತಾತ ಒಪ್ಪಿರಲಿಲ್ಲ. ಅವರಿಗೆ ಕತ್ತಿಯ ಭಯವಿತ್ತು, ಆದರೆ ಆಡುತ್ತಿದ್ದ ಮಾತು ಬೇರೆ.

‘ಇನ್ನೇನ್ಲಾ ನೋಡ್ಬೇಕಾಗದೆ ನಂಗೆ? ಎಲ್ಲ ನೋಡಾಯ್ತು. ಆ ನೀರೊಂದ್ನ ತೋರುಸ್ಬುಡಿ, ಸಾಕು.’

ಆ ‘ಸಾಕು’ ನಮಗೆಲ್ಲ ಚುಚ್ಚಿತ್ತು. ಮೂಲೆಯಲ್ಲಿ ಹುರುಳಿ ಆರಿಸುತ್ತಿದ್ದ ಅಜ್ಜಿ ಮಾತ್ರ ತಲೆ ಎತ್ತಲಿಲ್ಲ.

ಅಜ್ಜಿಯ ಬಗ್ಗೆ ಇಲ್ಲೇ ಒಂದು ವಿಷಯ ಹೇಳಬೇಕು, ಮುಂದಿನದು ಅದರ ಮೇಲೆ ನಿಂತಿದೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಅಜ್ಜಿ ಅದನ್ನು ಪಾಲಿಸುತ್ತಿದ್ದ ರೀತಿ ಬೇರೆ ಯಾರಿಗೂ ಬರುವುದಿಲ್ಲ. ತಾತನ ಹೆಸರು ಮರಿಗೌಡ. ಆದ್ದರಿಂದ ಅಜ್ಜಿ ‘ಮರಿ’ ಎಂಬ ಮಾತನ್ನೇ ಬಾಯಿಂದ ಬಿಟ್ಟುಬಿಟ್ಟಿದ್ದಳು. ಬಂಡೂರಿನಲ್ಲಿ, ಎತ್ತ ನೋಡಿದರೂ ಕುರಿ ಇರುವ ಊರಿನಲ್ಲಿ, ಕುರಿಮರಿಗೆ ‘ಕುರಿ ಕೂಸು’ ಎನ್ನುತ್ತಿದ್ದ ಒಬ್ಬಳೇ ಹೆಂಗಸು ಅವಳು. ಕುರಿ ಕೊಳ್ಳಲು ಬಂದ ವ್ಯಾಪಾರಿಗಳು ಮೊದಲ ಸಲ ಕಕ್ಕಾಬಿಕ್ಕಿಯಾಗುತ್ತಿದ್ದರು. ತಾತನನ್ನು ಕರೆಯಬೇಕಾದರೆ ಯಾವುದಾದರೂ ಮಗುವನ್ನು ಅಟ್ಟುವಳು. ಮಗು ಸಿಗದಿದ್ದರೆ ಹಿತ್ತಾಳೆ ಚೆಂಬನ್ನು ಸೌಟಿನಿಂದ ಬಡಿಯುವಳು. ಹೊಲದ ಆ ತುದಿಯಲ್ಲಿದ್ದರೂ ತಾತ ಆ ಸದ್ದಿಗೆ ಎದ್ದು ಬರುತ್ತಿದ್ದರು.

ಶನಿವಾರ ಕೋಳಿ ಕೂಗುವ ಹೊತ್ತಿಗೆ ಎರಡು ಗಾಡಿ ಕಟ್ಟಿ ಹೊರಟೆವು. ತಾತ, ಅಜ್ಜಿ, ಅವ್ವ, ಚಿಕ್ಕಪ್ಪ, ಚಿಕ್ಕವ್ವ, ನಾನು, ಮಿಕ್ಕಂತೆ ಮಕ್ಕಳು. ಅಪ್ಪ ಕುರಿ ನೋಡಿಕೊಳ್ಳಲು ಊರಿನಲ್ಲೇ ಉಳಿದರು. ಎರಡು ರಾತ್ರಿ ಅಲ್ಲೇ ಬಿಡಾರ ಮಾಡಿ ಸೋಮವಾರ ಹಿಂದಿರುಗುವುದು ಎಂದು ಏರ್ಪಾಟು. ಮಧ್ಯಾಹ್ನ ಗಗನಚುಕ್ಕಿಯ ಈಚೆ ದಡದಲ್ಲಿ ಒಂದು ಆಲದ ಮರದ ಕೆಳಗೆ ಗಾಡಿ ಬಿಟ್ಟು, ಎರಡು ಗಾಡಿಗೂ ಸೇರಿಸಿ ಟಾರ್ಪಾಲು ಕಟ್ಟಿ, ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಮಳೆಗಾಲದ ನೀರು ಇನ್ನೂ ಇಳಿದಿರಲಿಲ್ಲ. ಬಂಡೆಯ ಅಂಚಿಗೆ ಹೋದರೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ; ಬಿಡಾರದ ಹತ್ತಿರವೂ ಸ್ವಲ್ಪ ಗಂಟಲೆತ್ತಿಯೇ ಮಾತಾಡಬೇಕಿತ್ತು.

ಕರೆಂಟು ಮನೆಗೆ ಇಳಿಯುವ ಟ್ರಾಲಿಯಲ್ಲಿ ಕೂರುತ್ತೇವೆ ಎಂದು ಮಕ್ಕಳು ಊರಿನಿಂದಲೇ ಕುಣಿದುಕೊಂಡು ಬಂದಿದ್ದವು. ಯುದ್ಧದ ಕಾಲ, ಅಲ್ಲಿ ಪಹರೆ ಇತ್ತು, ಹತ್ತಿರ ಬಿಡಲಿಲ್ಲ. ಆ ಕಡಿದಾದ ಹಳಿಯ ಮೇಲೆ ಟ್ರಾಲಿ ಕೆಳಗಿಳಿದು ಸಣ್ಣದಾಗುವುದನ್ನು ದೂರದಿಂದ ನೋಡಿಕೊಂಡು ಬಂದೆವು. ಚಿಕ್ಕಪ್ಪನ ಮಗಳು ಪುಟ್ಟಿ, ಆರು ವರ್ಷದವಳು, ದಾರಿಯುದ್ದಕ್ಕೂ ಅತ್ತಳು. ಪುಣ್ಯಕ್ಕೆ ಮಳವಳ್ಳಿ ಕಡೆಯ ಸಾಬರೊಬ್ಬರು ಚಿತ್ರದ ಪೆಟ್ಟಿಗೆ ಹೊತ್ತುಕೊಂಡು ಅಲ್ಲಿಗೆ ಬಂದಿದ್ದರು. ಪೆಟ್ಟಿಗೆಯ ಗಾಜಿನ ಕಿಂಡಿಗೆ ಕಣ್ಣಿಟ್ಟರೆ ಒಳಗೆ ಊರು, ಆನೆ, ರಾಜ, ರಾಣಿ ಒಂದಾದ ಮೇಲೊಂದು ಸರಿಯುತ್ತಿದ್ದವು. ಮಕ್ಕಳೆಲ್ಲ ನೋಡಿದ ಮೇಲೆ ಪುಟ್ಟಿ ತಾತನ ಕೈ ಹಿಡಿದು ಎಳೆದಳು.

‘ತಾತ, ನೀನೂ ನೋಡು.’

ತಾತ ಮಂಡಿಯೂರಿ ಕಿಂಡಿಗೆ ಮುಖ ಒತ್ತಿದರು. ಸಾಬರು ಗಂಟೆ ಬಾರಿಸಿ ಚಿತ್ರ ಸರಿಸಿದರು.

‘ಏನ್ ಕಾಣ್ತದೆ ತಾತ?’

‘ಓಹೋ, ಆನೆ ಬತ್ತಾ ಅದೆ ಕಣವ್ವ. ಎಂಥಾ ಆನೆ!’

‘ಆನೆ ಅಲ್ಲ, ರಾಣಿ!’

‘ಆನೆ ಮ್ಯಾಲೇ ಕುಂತವ್ಳಲ್ಲ ರಾಣಿ, ನೀ ಸರ್ಯಾಗ್ ನೋಡಿಲ್ಲ ಬುಡು.’

ಎಲ್ಲರೂ ನಕ್ಕೆವು. ಅಜ್ಜಿ ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಕಡೆ ಹೊರಟುಬಿಟ್ಟಳು. ಆಮೇಲೆ ಚಿಕ್ಕಪ್ಪ ತಾತನನ್ನು ಬಂಡೆಯ ಮೇಲೆ ಕೂರಿಸಿ ಜಲಪಾತ ತೋರಿಸಿದರು. ತಾತ ಬಹಳ ಹೊತ್ತು ಅತ್ತ ಮುಖಮಾಡಿ ಕೂತಿದ್ದರು. ಕಂಡಿತೇ ಎಂದು ಕೇಳಿದ್ದಕ್ಕೆ, ‘ಬೆಳ್ಳಗದೆ’ ಎಂದಷ್ಟೇ ಹೇಳಿದರು.

ಸಂಜೆ ಆಲದ ಕೊಂಬೆಗೆ ಕಟ್ಟಿದ್ದ ಉಯ್ಯಾಲೆಯ ಗಲಾಟೆ ನಡೆಯಿತು ಎಂದೆನಲ್ಲ. ಹೊತ್ತು ಮುಳುಗಿತ್ತು. ಮರುದಿನ ಸೀಗೆ ಹುಣ್ಣಿಮೆ, ಚಂದ್ರ ಆಗಲೇ ಮೇಲೆ ಬಂದಿದ್ದ. ಅಜ್ಜಿ ಹಿಟ್ಟಿನ ಮಡಕೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಮುದ್ದೆ ತಿರುವುತ್ತಿದ್ದಳು; ಅವ್ವ ಎದುರಿಗೆ ಕೂತು ಸಾರಿಗೆ ಕೂಡಿಸುತ್ತಿದ್ದಳು. ಪುಟ್ಟಿಯ ಸರದಿ ಮುಗಿಯಿತೆಂದು ಗಡಿಯಾರ ನೋಡಿ ಅವಳನ್ನು ಇಳಿಸಿದೆ. ಇಳಿಸಿ ತಿರುಗಿದರೆ ತಾತ ಕೂತಿದ್ದ ಕಂಬಳಿ ಬರಿದಾಗಿತ್ತು. ಕೋಲೂ ಇರಲಿಲ್ಲ. ಪುಟ್ಟಿಯ ಕೈ ಹಿಡಿದುಕೊಂಡೇ ಬಂಡೆಯ ಕಡೆ ಓಡಿದೆ.

ತಾತ ನನಗಿಂತ ಬಹಳ ಮುಂದಿದ್ದರು. ಕೋಲೂರುತ್ತ, ಆದರೆ ಅನುಮಾನವಿಲ್ಲದ ನಡಿಗೆಯಲ್ಲಿ, ನೆಟ್ಟಗೆ ಬಂಡೆಯ ಅಂಚಿಗೆ ಹೋಗುತ್ತಿದ್ದರು. ಆಮೇಲೆ ತಿಳಿದದ್ದು: ಗಾಡಿರಸ್ತೆಯಲ್ಲಿ ನಾಲ್ಕು ಹೆಜ್ಜೆ ಹಾಕಿ ಬರೋಣ ಎಂದು ಎದ್ದಿದ್ದಾರೆ. ಬೆಳದಿಂಗಳಲ್ಲಿ ಎದುರಿಗೆ ಬೆಳ್ಳಗೆ ಅಗಲವಾಗಿ ಕಂಡದ್ದು ರಸ್ತೆ ಎಂದುಕೊಂಡಿದ್ದಾರೆ. ಅದು ಕಮರಿಯ ಆಚೆ ಬೀಳುತ್ತಿದ್ದ ನೀರು.

‘ತಾತಾ’ ಎಂದು ಕೂಗಿದೆ. ನನ್ನ ಕೂಗು ನನಗೇ ಕೇಳಲಿಲ್ಲ. ಇನ್ನೊಮ್ಮೆ ಕೂಗಿದೆ, ಗಂಟಲು ಉರಿಯಿತು ಅಷ್ಟೆ. ಓಡೋಣವೆಂದರೆ ಕಾಲ ಕೆಳಗೆ ತೇವದ ಬಂಡೆ, ಕೈಯಲ್ಲಿ ಮಗು.

ಆಗ ಒಂದು ಧ್ವನಿ ಕೇಳಿತು. ‘ಚೆಲುವಾ.’

ಹೆಣ್ಣುಮಗುವಿನ ಧ್ವನಿ. ಒಂಬತ್ತು ಹತ್ತು ವರ್ಷದವಳದು ಇರಬೇಕು. ಜೋರಾಗಿ ಕೂಗಿದ್ದಲ್ಲ, ಹೆದರಿಕೊಂಡು, ಹೇಳಲೋ ಬೇಡವೋ ಎಂಬಂತೆ ಹೇಳಿದ್ದು. ಅಷ್ಟು ನೀರಿನ ಸದ್ದಿನಲ್ಲೂ ಮುಚ್ಚಿದ ಕೋಣೆಯಲ್ಲಿ ಮಾತಾಡಿದಷ್ಟು ನಿಚ್ಚಳವಾಗಿತ್ತು. ನಮ್ಮ ಹಿಂದಿನಿಂದ, ಬಿಡಾರದ ಕಡೆಯಿಂದ ಬಂತು. ನನಗಿಂತ ಮೊದಲು ಪುಟ್ಟಿ ಆ ಕಡೆ ಕತ್ತು ತಿರುಗಿಸಿದಳು. ಯಾರೋ ಎತ್ತನ್ನು ಕರೆಯುತ್ತಿದ್ದಾರೆ ಎಂದು ನನಗೆ ಅನ್ನಿಸಿತು, ನಮ್ಮ ಕಡೆ ಎತ್ತಿಗೆ ಇಡುವ ಹೆಸರು ಅದು. ಮತ್ತೊಮ್ಮೆ ಬಂತು: ‘ಚೆಲುವಾ.’

ತಾತ ನಿಂತರು. ಎತ್ತಿದ ಕೋಲನ್ನು ಎತ್ತಿದ ಹಾಗೇ ಹಿಡಿದು ನಿಂತರು. ನಿಧಾನವಾಗಿ ಪೂರ್ತಿ ತಿರುಗಿ, ಬಿಡಾರದ ಕಡೆ ಮುಖಮಾಡಿ ಬರತೊಡಗಿದರು. ಅವರು ನಿಂತ ಜಾಗದಿಂದ ಅಂಚಿಗೆ ಎರಡು ಮಾರು ಇತ್ತು. ಮರುದಿನ ನೋಡಿ ಬಂದೆ.

ನಾನು ಹೋಗಿ ಅವರ ತೋಳನ್ನು ಹಿಡಿದುಕೊಂಡೆ. ತಾತನ ಮುಖದಲ್ಲಿ ಒಂದು ನಗೆ ಇತ್ತು, ಎಲ್ಲೋ ಇಟ್ಟು ಮರೆತದ್ದು ಸಿಕ್ಕಿದವರ ಹಾಗೆ.

‘ನಿಮ್ಮಜ್ಜಿ ಕರುದ್ಲು’ ಎಂದರು.

ಅಜ್ಜಿಯ ಧ್ವನಿ ಅಲ್ಲವಲ್ಲ ಎಂದು ನಾನು ಅನ್ನಲಿಲ್ಲ. ಪುಟ್ಟಿ ಬಿಡಾರಕ್ಕೆ ಬಂದವಳೇ ಅವಳ ಅವ್ವನಿಗೆ ಹೇಳಿದಳು: ‘ಅವ್ವ, ಯಾರ್ದೋ ಎತ್ತು ಕಳ್ದೋಗದೆ. ಚೆಲುವ ಅಂತ.’ ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಕೇಳಿಸಿಕೊಂಡವಳು ನಾನೊಬ್ಬಳೇ ಅಲ್ಲ. ಆ ಹೆಸರಿನ ವಿಷಯ ನಮಗೆ ತಿಳಿದದ್ದು ಮರುದಿನ.

ಒಲೆಯ ಮುಂದೆ ಅಜ್ಜಿ ಮುದ್ದೆ ಕಟ್ಟುತ್ತಿದ್ದಳು. ತಾತ ಎಲ್ಲಿಗೆ ಹೋಗಿದ್ದರು, ಏನಾಗುತ್ತಿತ್ತು ಎಂದು ನಾನು ಹೇಳಿದಾಗ ಚಿಕ್ಕಪ್ಪ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟರು. ಅಜ್ಜಿ ತಾತನ ಮುಂದೆ ಗಂಗಳ ಇಟ್ಟಳು. ಉಂಡವರಿಗೆಲ್ಲ ಆಶ್ಚರ್ಯ ಕಾದಿತ್ತು.

‘ಇದೇನವ್ವ, ಇಟ್ಟು ಗಂಟಾಗದೆ?’ ಎಂದರು ಚಿಕ್ಕಪ್ಪ.

‘ಗಂಟಾಗಿದ್ರೆ ಉಗ್ದು ಉಣ್ಣು. ಏನೀಗ?’

ಅಜ್ಜಿಯ ಮುದ್ದೆಯಲ್ಲಿ ಗಂಟು ಕಂಡದ್ದು ಅದೇ ಮೊದಲು ಎಂದು ಅವ್ವ ಆಮೇಲೆ ನನಗೆ ಹೇಳಿದಳು. ನಾನು ಅವ್ವನನ್ನು ವಿಚಾರಿಸಿದೆ: ಅಜ್ಜಿ ಒಲೆ ಬಿಟ್ಟು ಎದ್ದಿದ್ದಳೇ? ಇಲ್ಲ. ಯಾರನ್ನಾದರೂ ಕರೆದಳೇ? ಇಲ್ಲ. ತಿರುವುತ್ತಿದ್ದ ಕೋಲು ಒಂದು ಗಳಿಗೆ ನಿಂತಿತ್ತು, ಕಣ್ಣು ಎಲ್ಲೋ ಇತ್ತು, ಹೊಗೆ ತಾಕಿರಬೇಕು ಎಂದುಕೊಂಡೆ ಎಂದಳು. ತಾತ ಮಾತ್ರ ಗಂಟನ್ನೂ ಬಿಡದೆ ಉಂಡು ಕೈ ತೊಳೆದರು.

ಭಾನುವಾರ ಬೆಳಿಗ್ಗೆ ತಾತನನ್ನು ಮುಖ ತೊಳೆಸಲು ತಗ್ಗಿನ ನೀರಿಗೆ ಕರೆದುಕೊಂಡು ಹೋದೆ. ‘ಅಜ್ಜಿ ಕರುದ್ಲು ಅಂದ್ರಲ್ಲ, ಅದು ಯಾವ್ದೋ ಎತ್ತಿನ್ ಎಸ್ರಲ್ವಾ ತಾತ?’ ಎಂದು ಕೇಳಿದೆ.

ಮುಖದ ನೀರನ್ನೂ ಒರೆಸಿಕೊಳ್ಳದೆ ನನ್ನ ಕಡೆ ತಿರುಗಿದರು. ‘ನಿಂಗೂ ಕೇಳುಸ್ತಾ?’

‘ಕೇಳುಸ್ತು. ಪುಟ್ಟಿಗೂ.’

ತಾತ ಪಕ್ಕದ ಕಲ್ಲಿನ ಮೇಲೆ ಕೂತರು. ಆಮೇಲೆ ಹೇಳಿದರು.

ಮದುವೆಯಾದಾಗ ಅಜ್ಜಿಗೆ ಹತ್ತು ವರ್ಷ. ಬೀಗರ ಊರಿನಿಂದ ಬಂಡೂರಿಗೆ ಗಾಡಿಯಲ್ಲಿ ಕರೆದುಕೊಂಡು ಬಂದರು. ಗಾಡಿಗೆ ಕಟ್ಟಿದ್ದ ಬಲಗಡೆ ಎತ್ತಿನ ಹೆಸರು ಚೆಲುವ. ಚೆಂದದ ಎತ್ತು, ಆದರೆ ಸೋಮಾರಿ. ದಾರಿಯುದ್ದಕ್ಕೂ ಗಂಡಿನ ಕಡೆಯವರೆಲ್ಲ, ‘ನಡಿಯಪ್ಪ ಚೆಲುವ, ನಿನ್ನ ಅಟ್ಟಿಗೇ ಓಗದು ಕಣಪ್ಪ ಚೆಲುವ’ ಎಂದು ಪುಸಲಾಯಿಸುತ್ತ ಬಂದರಂತೆ. ಮುಸುಕು ಹಾಕಿಕೊಂಡು ಒಳಗೆ ಕೂತಿದ್ದ ಹುಡುಗಿಗೆ ಎತ್ತು ಕಾಣಿಸಿರಲಿಲ್ಲ. ಮನೆ ಬಾಗಿಲಿಗೆ ಬಂದಾಗ ನಾದಿನಿ ಹೊಸಲಿಗೆ ಅಡ್ಡ ನಿಂತು, ‘ಗಂಡನ ಎಸ್ರು ಯೋಳು, ಒಳೀಕ್ ಬಾ’ ಎಂದು ಶಾಸ್ತ್ರಕ್ಕೆ ತಡೆದಳು. ಹುಡುಗಿ ನಡುಗುತ್ತ, ನೆಲ ನೋಡುತ್ತ, ಹೇಳಿದ್ದು: ‘ಚೆಲುವ.’

‘ಇಡೀ ಚಪ್ಪರ ನಕ್ಬುಡ್ತು ಕಣ್ ಮಗ. ಅತ್ತೂ ಅತ್ತೂ ಎರಡು ದಿನ ಉಣ್ಣಿಲ್ಲ ಅವ್ಳು. ನಮ್ಮವ್ವ ಎಲ್ರ ಕೈಲೂ ಆಣೆ ಮಾಡುಸುದ್ಲು, ಈ ಮಾತ ಇನ್ನು ಯಾರೂ ಎತ್ಕೂಡ್ದು ಅಂತ. ಯಾರೂ ಎತ್ಲಿಲ್ಲ. ನಾನೂ ಎತ್ಲಿಲ್ಲ. ಆವತ್ತೊಂದಿನವೇ ಅವ್ಳು ನನ್ನ ಎಸ್ರಿಡ್ದು ಕರ್ದದ್ದು.’ ಮುಖ ಒರೆಸಿಕೊಂಡು, ‘ನಿನ್ನೆ ಅದೇ ದನಿ. ಅದೇ ಎದ್ರಿಕೆ’ ಎಂದರು.

ಚಪ್ಪರದಲ್ಲಿದ್ದು ನಕ್ಕವರಲ್ಲಿ ಈಗ ಯಾರೂ ಉಳಿದಿಲ್ಲ. ಅವ್ವನಿಗೆ, ಚಿಕ್ಕಪ್ಪನಿಗೆ ಈ ಸಂಗತಿ ಗೊತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಎಲ್ಲಾದರೂ ಕೇಳಿ ಮರೆತಿರಬಹುದೇ ಎಂದು ಬಹಳ ಯೋಚಿಸಿದ್ದೇನೆ. ಹಾಗಿದ್ದರೂ ಪುಟ್ಟಿಗೆ ಹೇಗೆ ಕೇಳಬೇಕು?

ಆ ದಿನವಿಡೀ ನಾನು ಮಕ್ಕಳನ್ನು ಹರಿಗೋಲಿನಲ್ಲಿ ಕೂರಿಸುವ ನೆಪ ಮಾಡಿ ಸುತ್ತಮುತ್ತ ವಿಚಾರಿಸಿದೆ. ಹರಿಗೋಲಿನವನನ್ನು, ಚಿತ್ರದ ಪೆಟ್ಟಿಗೆಯ ಸಾಬರನ್ನು, ಪಹರೆಯವನನ್ನು, ಹತ್ತಿರದ ಗುಡಿಸಲುಗಳ ಹೆಂಗಸರನ್ನು. ಆ ಹೊತ್ತಿನಲ್ಲಿ ಯಾರ ಮನೆಯ ಹುಡುಗಿಯೂ ದನ ಹುಡುಕಿಕೊಂಡು ಆ ಕಡೆ ಹೋಗಿರಲಿಲ್ಲ. ಚೆಲುವ ಎಂಬ ಎತ್ತು ಅವರಿಗೆ ಯಾರಿಗೂ ಗೊತ್ತಿರಲಿಲ್ಲ. ಸಾಬರು, ‘ಯಾಕಮ್ಮ, ಎತ್ತು ಕಳೆದುಹೋಯ್ತಾ?’ ಎಂದು ಕೇಳಿದರು. ‘ಇಲ್ಲ, ಸಿಕ್ತು’ ಎಂದುಬಿಟ್ಟೆ. ಯಾಕೆ ಹಾಗೆಂದೆನೋ.

ಸೋಮವಾರ ಗಾಡಿ ಮಳವಳ್ಳಿ ದಾಟುವಾಗ ತಾತ ಇದ್ದಕ್ಕಿದ್ದ ಹಾಗೆ ಚಿಕ್ಕಪ್ಪನನ್ನು ಕೇಳಿದರು: ‘ಮೈಸೂರ್ಗೆ ಯಾವತ್ತ್ಲಾ ಓಗದು?’

‘ಯಾಕಪ್ಪ?’

‘ಯಾಕಂದ್ರೆ? ಕಣ್ಣಿಗೆ ಕಣ್ಲಾ. ನೋಡದೊಂದು ಉಳ್ಕಂಡದೆ.’

ಅಜ್ಜಿ ಹಿಂದಿನ ಗಾಡಿಯಲ್ಲಿದ್ದಳು, ಕೇಳಿಸಿರಲಾರದು.

ಆ ಕಾರ್ತಿಕದಲ್ಲಿ ಪೊರೆ ತೆಗೆಸಿದೆವು. ಒಂದು ಕಣ್ಣು ಚೆನ್ನಾಗಿ ಬಂತು. ಪಟ್ಟಿ ಬಿಚ್ಚಿ ದಪ್ಪ ಕನ್ನಡಕ ಹಾಕಿದ ದಿನ ನಾನು ಅಲ್ಲಿದ್ದೆ. ತಾತ ಕಿಟಕಿ ನೋಡಲಿಲ್ಲ, ನಮ್ಮನ್ನು ನೋಡಲಿಲ್ಲ. ಮಂಚದ ಪಕ್ಕದಲ್ಲಿ ಚೆಂಬು ಹಿಡಿದು ನಿಂತಿದ್ದ ಅಜ್ಜಿಯನ್ನೇ ನೋಡುತ್ತ ಕೂತರು.

‘ಏನಂಗ್ ನೋಡದು? ಮುದ್ಕಿ ಮೊಖ’ ಎಂದಳು ಅಜ್ಜಿ.

‘ಇನ್ನೊಂದ್ಸಲ ಕರಿ’ ಎಂದರು ತಾತ.

ಅಜ್ಜಿ ಕೆಂಪಗಾಗಿ, ನೀರು ತರುತ್ತೇನೆಂದು ತುಂಬಿದ ಚೆಂಬನ್ನೇ ಹಿಡಿದುಕೊಂಡು ಹೊರಗೆ ಹೋದಳು.

ತಾತ ಹೋದ ವರ್ಷ ತೀರಿಕೊಂಡರು. ನಾಲ್ಕು ವರ್ಷಕ್ಕೂ ಮೀರಿ ಆ ಒಂದು ಕಣ್ಣಿನಲ್ಲಿ ಕುರಿಗಳನ್ನೂ ಮೊಮ್ಮಕ್ಕಳನ್ನೂ ಅಜ್ಜಿಯನ್ನೂ ನೋಡಿಕೊಂಡಿದ್ದರು. ಅಜ್ಜಿ ಈಗಲೂ ಕುರಿಮರಿಗೆ ‘ಕೂಸು’ ಎಂದೇ ಅನ್ನುತ್ತಾಳೆ. ಪುಟ್ಟಿಗೆ ಹನ್ನೆರಡು ತುಂಬಿದೆ. ಚಿತ್ರದ ಪೆಟ್ಟಿಗೆ ನೆನಪಿದೆ, ಆ ಕರೆ ನೆನಪಿಲ್ಲವಂತೆ.

ಈ ವೈಶಾಖದಲ್ಲಿ ನನ್ನ ಮದುವೆಯಾಯಿತು. ಹೊರಡುವ ಮೊದಲು ಅಜ್ಜಿ ನನ್ನನ್ನು ಅಡಿಗೆ ಕೋಣೆಗೆ ಕರೆದು, ಒಲೆಯ ಮುಂದೆ ಕೂತು ಹಿಟ್ಟು ತಿರುವುತ್ತಲೇ, ಗಂಡನ ಹೆಸರನ್ನು ನನ್ನ ಬಾಯಿಂದ ಮೂರು ಸಲ ಹೇಳಿಸಿದಳು.

‘ಹೈಸ್ಕೂಲು ಓದಿರೋಳ್ಗೆ ಗಂಡನ ಎಸ್ರು ಮರೀತದಾ ಅಜ್ಜಿ?’

‘ಓದಿದ್ರೇನು? ಸರ್ಯಾಗ್ ಕಲ್ತ್ಕಂಡು ಓಗು. ಗಾಡೀಲಿ ಯಾರ್ ಏನ್ ಕೂಗುದ್ರೂ ಕಿವೀಗ್ ಆಕ್ಕಬ್ಯಾಡ.’

ಇದೇ ಸಮಯ ಎಂದು ಕೇಳಿಬಿಟ್ಟೆ. ‘ಅಜ್ಜಿ, ಆವತ್ತು ಗಗನಚುಕ್ಕೀಲಿ ತಾತನ್ನ ಕರ್ದದ್ದು ನೀನಾ?’

ಕೋಲು ಒಂದು ಗಳಿಗೆ ನಿಂತಿತು. ‘ಸುಮ್ಕಿರವ್ವ’ ಎಂದಳು, ‘ಇಟ್ಟು ಗಂಟಾಯ್ತದೆ.’

ನನಗೆ ಗೊತ್ತಿರುವುದು ಇಷ್ಟೇ. ಇದನ್ನು ಓದುವವರಲ್ಲಿ ಶಿವನಸಮುದ್ರದ ಆಸುಪಾಸಿನವರು ಯಾರಾದರೂ ಇದ್ದರೆ, ೧೯೪೧ರ ಸೀಗೆ ಹುಣ್ಣಿಮೆಯ ಹಿಂದಿನ ಸಂಜೆ ನಿಮ್ಮ ಮನೆಯ ಹುಡುಗಿಯೊಬ್ಬಳು ಚೆಲುವ ಎಂಬ ಎತ್ತನ್ನು ಹುಡುಕಿಕೊಂಡು ಬಂಡೆಯ ಕಡೆ ಬಂದಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಆ ಹುಡುಗಿಗೆ ಈಗ ಹದಿನೈದು ಹದಿನಾರು ವರ್ಷವಾಗಿರಬೇಕು. ಅವಳ ಎತ್ತು ಸಿಕ್ಕಿತೇ ಎಂದೂ ತಿಳಿಸಿ. ನಮ್ಮದಂತೂ ಸಿಕ್ಕಿತು.